ಏಳನೆಯ ಫಾರಂ

ಮೂವತ್ತು ವರ್ಷಗಳಿಂದ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ಹೊಲಿಯುತ್ತಿದ್ದ ಬೈಂಡರ್‌ಗೆ ಎರಡು ವಿಷಯದಲ್ಲಿ ಜಂಬವಿತ್ತು: ತನ್ನ ಕೈಕೆಲಸ, ತನ್ನ ಓದು. ಹೊಲಿದ ಪುಸ್ತಕವನ್ನು ಓದದೆ ಹಿಂದಿರುಗಿಸಿದವನಲ್ಲ.

ಆ ಸಲ ಬಂದದ್ದು ಒಬ್ಬ ದಳಪತಿ ಮತ್ತು ರಾಜಕುಮಾರಿಯ ಪ್ರೇಮದ ಐತಿಹಾಸಿಕ ಕಾದಂಬರಿ. ಅದೇ ಊರಿನ ಶಾಲೆಯ ನಿವೃತ್ತ ಮೇಡಂ ನಲವತ್ತು ವರ್ಷದ ಹಿಂದೆ ಬರೆದದ್ದು. ದಾರ ಕೊಳೆತು, ಹದಿನಾರು ಪುಟಕ್ಕೊಂದರಂತೆ ಮಡಿಚಿದ ಕಟ್ಟುಗಳು, ಅಂದರೆ ಫಾರಂಗಳೆಲ್ಲ, ಬಿಡಿಬಿಡಿಯಾಗಿದ್ದವು. ಓದುವ ಆತುರದಲ್ಲಿ ಬೇಗ ಬೇಗ ಹೊಲಿದು ರಟ್ಟು ಕಟ್ಟಿದ. ಓದಿದರೆ ಆಸೆಗೆ ತಣ್ಣೀರು. ಯುದ್ಧದಲ್ಲಿ ಕತ್ತು ಕಡಿಸಿಕೊಂಡು ಸತ್ತ ದಳಪತಿ ಮುಂದಿನ ಪುಟದಲ್ಲೇ ತೋಟದಲ್ಲಿ ಪ್ರೇಮಪತ್ರ ಬರೆಯುತ್ತಿದ್ದ!

ಆ ವಾರ ಗ್ರಂಥಾಲಯದ ಓದುಗರ ಸಭೆಯಲ್ಲಿ ಮೇಡಂ ಎದುರಿಗೇ ಕೂತಿದ್ದರು. ಬೈಂಡರ್ ಎದ್ದ.

"ಮೇಡಂ, ಕತ್ತು ಹೋದವನು ಮುಂದಿನ ಪುಟದಲ್ಲಿ ತಲೆ ಬಾಚ್ಕೊಂಡು ತೋಟಕ್ಕೆ ಬರ್ತಾನಲ್ಲ, ಆ ಮುಲಾಮು ಯಾವ ಅಂಗಡೀಲಿ ಸಿಗುತ್ತೆ?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಹಾಗೆ ಬರ್ದಿದ್ದೀನಾ?" ಎಂದರು ಮೇಡಂ. "ಇರಬಹುದಪ್ಪ. ಈಗೀಗ ನನ್ನ ನೆನಪನ್ನ ನಾನೇ ನಂಬಲ್ಲ."

ಮರುದಿನ ಮನೆಯಲ್ಲಿ ಬೈಂಡರ್‌ನ ಹೆಂಡತಿ ಆ ಪುಸ್ತಕ ಹಿಡಿದು ಕೂತಳು.

"ರೀ, ತೊಂಬತ್ತಾರು ಆದ್ಮೇಲೆ ನೂರ ಹದಿಮೂರಾ? ನಿಮ್ಮ ಮನೇಲಿ ಹೀಗೇ ಎಣಿಸೋದು ಕಲಿಸಿದ್ರಾ?"

ಬೈಂಡರ್ ಕಿತ್ತುಕೊಂಡು ನೋಡಿದ. ಏಳನೆಯ ಫಾರಂಗಿಂತ ಮೊದಲು ಎಂಟನೆಯದು ಕೂತಿತ್ತು. ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಅದರ ಸಂಖ್ಯೆಯಿರುತ್ತದೆ. ಹೊಲಿಯುವ ಮುನ್ನ ಬೆರಳಿಟ್ಟು ನೋಡಬೇಕು. ಅವನು ನೋಡಿರಲಿಲ್ಲ. ದಳಪತಿ ಸಾಯುವ ಮುಂಚೆಯೇ ಪತ್ರ ಬರೆದಿದ್ದ.

ಆಮೇಲೆ ಬೈಂಡರ್ ಮಾಡಿದ್ದು ಇನ್ನೂ ಕೀಳು ಕೆಲಸ. ಸದ್ದಿಲ್ಲದೆ ಬಿಚ್ಚಿ, ಅದೇ ತೂತುಗಳಲ್ಲಿ ದಾರ ಪೋಣಿಸಿ, ಸರಿಯಾಗಿ ಹೊಲಿದು, ಗ್ರಂಥಾಲಯಕ್ಕೆ ಒಯ್ದ.

ಗ್ರಂಥಪಾಲಕಿ ಪುಸ್ತಕ ತೆಗೆದುಕೊಂಡು, "ಪಾಪ, ಆ ಸಭೆ ಆದ್ಮೇಲೆ ಮೇಡಂ ಮರುಮುದ್ರಣ ಬೇಡ ಅಂದ್ಬಿಟ್ರಂತೆ. ಅಚ್ಚಿಗೆ ಹೋಗೋದ್ರಲ್ಲಿತ್ತು" ಎಂದಳು.

ಬೈಂಡರ್ ಪುಸ್ತಕವನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡು ನೇರ ಮೇಡಂ ಮನೆಗೆ ಹೋದ. ನಿಂತೇ ಎಲ್ಲವನ್ನೂ ಒಪ್ಪಿಕೊಂಡ. ಮೇಡಂ ಕನ್ನಡಕ ಏರಿಸಿ ಪುಟ ಪುಟ ತಿರುವಿದರು.

"ಎಲ್ಲಾ ಸರಿಯಾಗೇ ಇದೆಯಲ್ಲಪ್ಪ. ನನ್ನ ಸಮಾಧಾನಕ್ಕೆ ತಪ್ಪನ್ನ ನಿನ್ನ ಮೇಲೆ ಹಾಕ್ಕೋತಿದ್ದೀಯ. ನೀನು ಒಳ್ಳೆಯವನು."

ಕಪಾಳಕ್ಕೆ ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಸಾಕ್ಷಿಯನ್ನು ತಾನೇ ಅಳಿಸಿ ಬಂದಿದ್ದ.

"ಒಳ್ಳೆಯವನಲ್ಲ ಮೇಡಂ. ನಿಮಗೆ ತಿಳೀಬಾರದು ಅಂತಲೇ ಬಿಚ್ಚಿ ಹೊಲಿದೆ." ಅವನು ಬಾಗಿಲ ಕಡೆ ತಿರುಗಿದ. "ಬೇಕಾದ್ರೆ ಹೆಂಡತೀನ ಕರ್ಕೊಂಡು ಬರ್ತೀನಿ. ಕಂಡುಹಿಡಿದವಳು ಅವಳೇ. ನನ್ನ ತಪ್ಪು ಹೇಳು ಅಂದ್ರೆ ಒಂದಕ್ಷರ ಬಿಡಲ್ಲ."

ಮೇಡಂ ನಗಲಿಲ್ಲ. ಪುಸ್ತಕ ಮುಚ್ಚಿದರು.

"ಕರ್ಕೊಂಡು ಬಾ" ಎಂದರು.