ಬೊಂಬೆಯ ಕುಪ್ಪಸಕ್ಕೆ ಲೈಟು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಕುಪ್ಪಸ ಹೊಲಿಸುವುದೆಂದರೆ ಗವಿಸಿದ್ದೇಶನ ಅಂಗಡಿ. ಹೊಲಿಗೆಯಲ್ಲಿ ಬೆರಳು ಮಾಡಿ ತೋರಿಸುವಂತಿಲ್ಲ; ಕೊಡುವ ವಾಯಿದೆಯ ಮಾತು ಮಾತ್ರ ಕೇಳಬಾರದು. ಅದಕ್ಕೆ ಕಾರಣ, ಮಷಿನಿನ ಪಕ್ಕದ ಇನ್ನೊಂದು ಮೇಜು. ಅದರ ತುಂಬ ಬಿಚ್ಚಿದ ರೇಡಿಯೊ, ವೈರು, ಬೆಸುಗೆಯ ಸಾಮಾನು.

ಎರಡು ಸಾವಿರದ ಮೂರರ ದೀಪಾವಳಿ ಹತ್ತಿರ ಬಂದಾಗ ಅವನಿಗೊಂದು ಹುಚ್ಚು ಹತ್ತಿತು. ಅಂಗಡಿ ಬಾಗಿಲ ಬೊಂಬೆಯ ಕುಪ್ಪಸದಂಚಿನಲ್ಲಿ ಪುಟ್ಟ ದೀಪಗಳು ಒಂದರ ಹಿಂದೊಂದು ಓಡಬೇಕು. ಓಡಿಸಲು ಮೈಕ್ರೋಕಂಟ್ರೋಲರ್ ಎಂಬ ಚಿಪ್ ಹುಬ್ಬಳ್ಳಿಯಿಂದ ಬಂತು. ಕಂಪ್ಯೂಟರ್ ಕ್ಲಾಸಿನವರನ್ನು ಕಾಡಿ ಬೇಡಿ ಅದಕ್ಕೆ ಪಾಠವನ್ನೂ ಹೇಳಿಸಿದ. ಉಳಿದದ್ದು ಅದನ್ನು ಕೂರಿಸುವ ಬೋರ್ಡು. ಅದು ರೆಡಿಮೇಡ್ ಸಿಗುವ ಮಾಲಲ್ಲ, ಅಳತೆಗೆ ತಕ್ಕಂತೆ ತಾನೇ ಮಾಡಿಕೊಳ್ಳಬೇಕು.

ಹೆಂಡತಿ ಸುಮಲತಾ ಷರತ್ತು ಹಾಕಿದಳು. "ಅಮಾಸಿ ಪೂಜಿಗೆ ದೀಪ ಹತ್ತಿದ್ರ ಸರಿ. ಇಲ್ಲಾಂದ್ರ ಈ ಮೇಜಿನ ಮ್ಯಾಗಿಂದೆಲ್ಲಾ ಗುಜರಿಗೆ ಹೋಕ್ಕೈತಿ ನೋಡ್ರಿ."

ಗವಿಸಿದ್ದೇಶ ಒಪ್ಪಿದ. ಎದುರಿನ ಕಿರಾಣಿ ಅಂಗಡಿಯ ಪಾಲಾಕ್ಷಪ್ಪ ಸಾಕ್ಷಿ ನಿಂತ. ಖರ್ಚಿಲ್ಲದ ಕೆಲಸಕ್ಕೆ ಆತ ಯಾವಾಗಲೂ ಮುಂದು.

ಕರೆಂಟು ಹರಿಯುವ ಗೆರೆಗಳನ್ನು ಗವಿಸಿದ್ದೇಶ ಕಾಗದದ ಮೇಲೆ ಬರೆದ. ನುಣುಪು ಹಾಳೆಗೆ ಜೆರಾಕ್ಸ್ ಮಾಡಿಸಿ, ತಾಮ್ರ ಮೆತ್ತಿದ ಬೋರ್ಡಿನ ಮೇಲೆ ಬೋರಲು ಹಾಕಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದ. ಇಸ್ತ್ರಿಯ ವಿಷಯದಲ್ಲಿ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಸಿ ಕಚ್ಚಿ ಕುಳಿತಿತು. ಬಟ್ಟೆ ನೆನೆಹಾಕುವ ಟಬ್ಬಿನಲ್ಲಿ ತಾಮ್ರ ಕರಗಿಸುವ ಮದ್ದು ಕಲಸಿ ಬೋರ್ಡನ್ನು ಮುಳುಗಿಸಿದ. ಮಸಿಯ ಕೆಳಗಿನ ಗೆರೆಗಳಷ್ಟೇ ಉಳಿದವು. ಟಬ್ಬು ಬಣ್ಣಗೆಟ್ಟಿದ್ದಕ್ಕೆ ಬೈಸಿಕೊಂಡಿದ್ದು ಬೇರೆ ಲೆಕ್ಕ.

ಅಮಾವಾಸ್ಯೆಯ ಬೆಳಿಗ್ಗೆ ಬೋರ್ಡಿಗೆ ತೂತು ಕೊರೆದು, ಗೆರೆಗಳಿಲ್ಲದ ಮಗ್ಗುಲಿನಿಂದ ಚಿಪ್ಪಿನ ಕಾಲುಗಳನ್ನು ಇಳಿಸಿ ನೋಡಿದರೆ ಎಲ್ಲ ಅದಲುಬದಲು. ಎಡಗಾಲಿನ ಗೆರೆ ಬಲಗಾಲಿಗೆ ಬಂದಿತ್ತು. ಬಟ್ಟೆಯ ಒಳಮಗ್ಗುಲಿಗೇ ಗುರುತು ಹಾಕಿ ರೂಢಿಯಾದ ಕೈ, ನಕ್ಷೆಯನ್ನೂ ಬೋರ್ಡಿನ ಹಿಂದಿನಿಂದ ಕಂಡಂತೆ ಬರೆದಿತ್ತು. ಇಸ್ತ್ರಿಗೆ ಬೋರಲು ಹಾಕಿದಾಗ ಅದು ಇನ್ನೊಮ್ಮೆ ತಿರುಗಿತ್ತು. ಹಾಗೇ ಬೆಸೆದು ಕರೆಂಟು ಕೊಟ್ಟರೆ ಇದ್ದೊಂದು ಚಿಪ್ ಸುಟ್ಟುಹೋಗುತ್ತದೆ. ಬೇರೆ ತಾಮ್ರದ ಬೋರ್ಡು ತಂದು ಮತ್ತೆ ಮಾಡೋಣವೆಂದರೆ ಹೊಸಪೇಟೆಯಲ್ಲಿ ಹಬ್ಬದ ದಿನ ಯಾರು ಅಂಗಡಿ ತೆರೆದಾರು?

ಅವನ ಮೋರೆ ನೋಡಿ ಸುಮಲತಾ ಗೆದ್ದೆನೆಂದು ಹಿಗ್ಗಬೇಕಿತ್ತು. ಆದರೆ ಹೊಲಿಗೆಯವನ ಹೆಂಡತಿ. ಕೆಟ್ಟ ತುಂಡು ಕಂಡರೆ ಸುಮ್ಮನಿರಲು ಬಾರದು. ಆಗಿದ್ದನ್ನೆಲ್ಲ ಕೇಳಿಕೊಂಡು, ಬೋರ್ಡನ್ನು ಹಿಂದೆಮುಂದೆ ಹೊರಳಿಸಿದಳು.

"ಎರಡೂ ತೋಳು ಒಂದ ಕಡಿಗಿ ಕತ್ತರಿಸಿದಾಗ ಏನ್ ಮಾಡ್ತೀರಿ? ಅರಿವಿ ತಿರುವಿ ಹಚ್ಚಂಗಿಲ್ಲೇನು? ಇದನ್ನೂ ಆ ಮಗ್ಗಲಿಗೆ ಕುಂದ್ರಸ್ರಿ."

ಗವಿಸಿದ್ದೇಶ ಚಿಪ್ಪನ್ನು ಗೆರೆಗಳಿರುವ ಮಗ್ಗುಲಿಗೇ ಇಟ್ಟ. ಪ್ರತಿ ಕಾಲೂ ತನ್ನ ತನ್ನ ಗೆರೆಯ ಮೇಲೆ ನಿಂತಿತು.

ಸಂಜೆ ಲಕ್ಷ್ಮಿಗೆ ಆರತಿ ಆದ ಮೇಲೆ ಸ್ವಿಚ್ ಒತ್ತಿದ. ಬೊಂಬೆಯ ಕೊರಳ ಸುತ್ತ ಕೆಂಪು ದೀಪಗಳು ಓಡತೊಡಗಿದವು. ಹಗರಿಬೊಮ್ಮನಹಳ್ಳಿ ಬಸ್ಸಿಗೆ ಹೊರಟಿದ್ದ ಹೆಂಗಸರೂ ನಿಂತು ನೋಡಿದರು. ಪಾಲಾಕ್ಷಪ್ಪ ಸಾಕ್ಷಿದಾರನ ಪಾಲೆಂದು ಎರಡು ಕರಜಿಕಾಯಿ ಎತ್ತಿಕೊಂಡ.

ಸೋತ ಸುಮಲತಾಳ ಮುಖ ಗೆದ್ದ ಗಂಡನ ಮುಖಕ್ಕಿಂತ ಹೆಚ್ಚು ಅರಳಿತ್ತು. ಅದನ್ನು ಒಪ್ಪಿಕೊಳ್ಳದೆ, "ಹಸುರು ದೀಪ ಸಿಗಂಗಿಲ್ಲೇನು?" ಎಂದಳು. ಹಬ್ಬ ಮುಗಿದ ಮೇಲೆ ಆ ಮೇಜು ಉಳಿಯಿತು, ಅದರ ಮುಂದಿನ ಸ್ಟೂಲು ಮಾತ್ರ ಗವಿಸಿದ್ದೇಶನ ಕೈತಪ್ಪಿ ಸುಮಲತಾಳ ಪಾಲಾಯಿತು.