ಗಾಡಿಯ ಸದ್ದಿಗೆ ಓಡಿಹೋದ ಬೀಗರು

ಆ ಗಾಡಿ ನನಗೆ ಯಾಕೆ ಬೇಕಾಗಿತ್ತು ಎಂದು ಈಗ ಕೇಳಿದರೂ ನೆಟ್ಟಗೆ ಉತ್ತರ ಹೇಳಲಾರೆ. ಸವಳಂಗದಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. ಮನೆ ಬಿಟ್ಟು ಅಂಗಡಿ ಮುಟ್ಟುವಷ್ಟರಲ್ಲಿ ಬಾಯಲ್ಲಿನ ಎಲೆ ಅಡಿಕೆ ಕೂಡ ಮುಗಿಯುತ್ತಿರಲಿಲ್ಲ. ಅಂಥವನು ಹೊನ್ನಾಳಿಗೆ ಯಾವುದೋ ಕೆಲಸಕ್ಕೆ ಹೋಗಿ, ಮಿಲಿಟರಿಯಿಂದ ನಿವೃತ್ತರಾದ ಒಬ್ಬರ ಮನೆ ಮುಂದೆ ನಿಂತಿದ್ದ ಭಾರಿ ಮೋಟರ್ ಸೈಕಲ್ ನೋಡಿ ತಲೆ ಕೆಡಿಸಿಕೊಂಡೆ. ಎಪ್ಪತ್ತರ ದಶಕದ ನಡುಭಾಗ ಅದು. ಆಗಲೇ ಆ ಗಾಡಿ ಅಜ್ಜನ ಕಾಲದ ಮಾಡೆಲ್ಲು. ಬಿಂದಿಗೆಯಂಥ ಟ್ಯಾಂಕು, ಎಮ್ಮೆ ಕೊಂಬಿನಂತೆ ಅಗಲಕ್ಕೆ ಚಾಚಿದ ಹ್ಯಾಂಡಲ್ಲು. ಜನ ಹಗೂರದ ಸ್ಕೂಟರಿಗೆ ಆಸೆಪಡುತ್ತಿದ್ದಾಗ ನನಗೆ ಮಾತ್ರ ಇದೇ ಆಗಬೇಕು ಅನ್ನಿಸಿತು. ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಅವ್ವ ಸುತ್ತಲೂ ನೋಡಿ, “ಇದ್ರ ಬದ್ಲು ಒಂದು ಎತ್ತು ತಂದಿದ್ರೆ ಸಗಣಿನಾದ್ರೂ ಹಾಕ್ತಿತ್ತು” ಎಂದಳು.

ಸಗಣಿ ಬದಲು ಅದು ಎಣ್ಣೆ ಹಾಕುತ್ತಿತ್ತು, ಅದೂ ಅವ್ವನ ರಂಗೋಲಿಯ ಮೇಲೆ. ನಮ್ಮ ಓಣಿಯಲ್ಲಿ ಅದನ್ನು ತಿರುಗಿಸಲಾಗದೆ ಹಿಂದಕ್ಕೆ ತಳ್ಳಿಕೊಂಡೇ ಬರಬೇಕಿತ್ತು. ಕಿಕ್ಕರ್ ತುಳಿದರೆ ಒಮ್ಮೊಮ್ಮೆ ತಿರುಗಿ ಮೊಣಕಾಲಿಗೇ ಬಾರಿಸುತ್ತಿತ್ತು. ಇಷ್ಟೆಲ್ಲ ಇದ್ದರೂ ಸಂತೇಬೆನ್ನೂರು ದಾಟಿ ಆಚೆ ರಸ್ತೆ ನೆಟ್ಟಗಾಗುತ್ತಲೇ ಅದರ ದುಡುದುಡು ಸದ್ದು ಎದೆಗೆ ಬಂದು ಕೂರುತ್ತಿತ್ತು. ಚಕ್ರ ಗುಂಡಿಗೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಆಗ ನಾನು ಬಟ್ಟೆ ಅಳೆಯುವವನು ಅನ್ನುವುದೇ ಮರೆತುಹೋಗುತ್ತಿತ್ತು. ಸುಖವೋ ಹುಚ್ಚೋ, ತಿಳಿಯದು.

ನನಗೆ ಮೂವತ್ತು ದಾಟಿದ್ದರೂ ಮದುವೆ ಕೂಡಿಬಂದಿರಲಿಲ್ಲ. ಚನ್ನಗಿರಿ ಕಡೆಯ ನಲ್ಲೂರಿನಲ್ಲಿದ್ದ ನನ್ನ ಸೋದರಮಾವ ಜಗಳೂರು ಹತ್ತಿರದ ಒಂದು ಹಳ್ಳಿಯಲ್ಲಿ ಕನ್ಯೆ ಗೊತ್ತುಮಾಡಿದರು. ಒಂದು ಬೆಳಿಗ್ಗೆ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಬಿಳಿ ಅಂಗಿ, ಕಪ್ಪು ಕನ್ನಡಕ ಹಾಕಿದ್ದೆ. ಮಾವನ ತೊಡೆಯ ಮೇಲೆ ಚರ್ಮದ ಕರೀ ಚೀಲ. ಅದರೊಳಗೆ ತೆಂಗಿನಕಾಯಿ, ಎಲೆ ಅಡಿಕೆ, ಕುಂಕುಮ.

ಊರೊಳಗೆ ಹೋದರೆ ಬೀದಿಯಲ್ಲಿ ಒಬ್ಬ ಗಂಡಸೂ ಇಲ್ಲ. ಬಾಗಿಲುಗಳು ದಡದಡ ಮುಚ್ಚಿದವು. ಹುಡುಗಿಯ ಮನೆ ಕಟ್ಟೆಯ ಮೇಲೆ ಅವಳ ಅಜ್ಜಿ ಮಾತ್ರ ಕೂತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಅವರು, “ನಮ್ಮ ಮನ್ಯಾಗೆ ಗಂಡಸ್ರು ಯಾರೂ ಇಲ್ರೀ ಸಾಹೇಬ್ರೆ. ಇದ್ದೋರೆಲ್ಲ ಆಪರೇಷನ್ ಮಾಡಿಸ್ಕೊಂಡಾರೆ” ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಮಾವ ಮಾತ್ರ ಹಣೆ ಚಚ್ಚಿಕೊಂಡರು. ಮಕ್ಕಳಾಗದಂತೆ ಗಂಡಸರಿಗೆ ಆಪರೇಷನ್ ಮಾಡುವ ಕ್ಯಾಂಪುಗಳ ಕಾಲ ಅದು. ಸರ್ಕಾರದವರು ಹಿಡಿದುಕೊಂಡು ಹೋಗುತ್ತಾರೆ ಎಂಬ ಸುದ್ದಿ ಹಬ್ಬಿ, ದೊಡ್ಡ ಗಾಡಿಯ ಸದ್ದು ಕೇಳಿದರೆ ಸಾಕು, ಹಳ್ಳಿಯ ಗಂಡಸರು ಓಡಿಹೋಗಿ ಹೊಲ ಸೇರುತ್ತಿದ್ದರು. ನನ್ನ ಕನ್ನಡಕ, ಮಾವನ ಚೀಲ ನೋಡಿದ ಮೇಲೆ ನಾವು ಕ್ಯಾಂಪಿನವರೇ ಎಂಬುದರಲ್ಲಿ ಅಜ್ಜಿಗೆ ಅನುಮಾನವೇ ಉಳಿದಿರಲಿಲ್ಲ.

ಅಷ್ಟರಲ್ಲಿ ಒಳಗಿಂದ ಒಬ್ಬ ಹುಡುಗಿ ಬಂದಳು. ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು.

“ಕನ್ಯೆ ನೋಡಾಕೆ ಬಂದೋರಾ?”

“ಹೌದು.”

“ನಾನೇ ಕನ್ಯೆ. ಅಪ್ಪ, ದೊಡ್ಡಪ್ಪ ಎಲ್ಲಾ ಜೋಳದ ಹೊಲ್ದಾಗೆ ಕುಂತಾರೆ. ನೀವು ಕರೆದ್ರೆ ಇನ್ನೂ ದೂರ ಓಡ್ತಾರೆ. ಕೂತಿರ್ರಿ, ನಾನೇ ಕರ್ಕೊಂಡು ಬರ್ತೀನಿ.”

ಹಿರಿಯರು ಚಾಪೆ ಹಾಸಿ, ನೀರು ಕೊಟ್ಟು, ಆಮೇಲೆ ತಾನೆ ಹುಡುಗಿ ತಲೆ ತಗ್ಗಿಸಿಕೊಂಡು ಬರಬೇಕು? ಇಲ್ಲಿ ಹುಡುಗಿಯೇ ಹಿರಿಯರನ್ನು ಕರೆತರಲು ಹೋದಳು. ನನಗೆ ಅವಳು ಅಲ್ಲೇ ಹಿಡಿಸಿಬಿಟ್ಟಳು. ಇವಳೇ ಆಗಬೇಕು, ಇಲ್ಲದಿದ್ದರೆ ಬೇಡವೇ ಬೇಡ ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಗಂಡಸರು ಮೈತುಂಬ ಜೋಳದ ಧೂಳು ಮೆತ್ತಿಕೊಂಡು ಬಂದರು. ನನ್ನ ಮುಖ ನೋಡಲು ಅವರಿಗೆ ನಾಚಿಕೆ, ಅವರ ಮುಖ ನೋಡಲು ನನಗೆ ಸಂಕಟ. ಉಪ್ಪಿಟ್ಟು ತಿಂದು ಎದ್ದು ಬಂದೆವು.

ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ನಾನು ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹರಿಹಾಯುತ್ತ ಕಾದೆ. ಕೊನೆಗೊಂದು ದಿನ ಮಾವ ಬಂದು, “ಹುಡುಗಿ ಕೊಡ್ತಾರೆ. ಆದ್ರೆ ಆ ಫಟ್‌ಫಟಿ ಇಟ್ಕೊಂಡ ಮನೆಗೆ ಕೊಡಲ್ವಂತೆ. ಊರ ಮುಂದೆ ಮಾನ ಹೋಗೈತೆ ಅವ್ರದ್ದು” ಎಂದರು.

ಇದೆಂಥ ಮಾತು? ಓಡಿದವರು ಅವರು, ಶಿಕ್ಷೆ ನನ್ನ ಗಾಡಿಗೆ. ಸಿಟ್ಟು ಬಂತು, ಅವರಿಗೆ ಬೇರೆ ಗಂಡು ಸಿಕ್ಕಿಬಿಟ್ಟರೆ ಎಂದು ಹೆದರಿಕೆಯೂ ಬಂತು. ಗಾಡಿ ಹತ್ತಿದರೆ ಅವಳು ನೆನಪಾಗುತ್ತಿದ್ದಳು, ಅವಳನ್ನು ನೆನೆದರೆ ಗಾಡಿಯ ಪಕ್ಕ ನಿಂತೇ ಕಾಣುತ್ತಿದ್ದಳು. ಬಟ್ಟೆಯನ್ನು ತಪ್ಪು ಅಳೆದು ಕೊಟ್ಟೆ. ಕಡೆಗೆ ನ್ಯಾಮತಿಯ ಅಕ್ಕಿ ಗಿರಣಿಯವರಿಗೆ ಗಾಡಿ ಮಾರಿ, ಬಸ್ಸಿನಲ್ಲಿ ಮನೆಗೆ ಬಂದೆ. ಅವ್ವ ಊಟಕ್ಕೆ ಕರೆದರೆ ಹಸಿವಿಲ್ಲ ಎಂದೆ. ಅಳು ಬಂದಿತ್ತು, ಅಷ್ಟೆ.

ಮದುವೆಯಾಯಿತು. ಬಾಡಿಗೆ ವ್ಯಾನಿನಲ್ಲಿ ಹೋಗಿ ಬಂದಿದ್ದರಿಂದ ಗಾಡಿಯ ಮಾತು ಬರಲಿಲ್ಲ. ಆಮೇಲೆ ತವರಿಗೆ ಹೋದವಳನ್ನು ಕರೆತರಲು ನಾನೊಬ್ಬನೇ ಹೋದೆ. ಅವಳು ಗಾಳಿಗೆ ಹಾರದಂತೆ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದು ಬೀದಿಯ ಆಚೆ ಈಚೆ ನೋಡಿದಳು.

“ಗಾಡಿ ಎಲ್ಲೈತ್ರೀ?”

“ಮಾರಿದೆ. ನಿಮ್ಮಪ್ಪನೇ ಬೇಡ ಅಂದ್ರಲ್ಲ.”

ಬಾಗಿಲಲ್ಲಿ ನಿಂತಿದ್ದ ನನ್ನ ಮಾವನೋರು, ಅಂದರೆ ಅವಳ ಅಪ್ಪ, ತಬ್ಬಿಬ್ಬಾದರು. “ನಾನ್ಯಾಕೆ ಹಂಗಂತೀನಿ? ಅಂಥ ಗಾಡಿ ಇಟ್ಟಿರೋ ಅಳಿಯ ಅಂತ ಊರಾಗೆಲ್ಲ ಹೇಳ್ಕೊಂಡು ಬಂದೀನಿ” ಎಂದರು. ಹಾಗಾದರೆ ಆ ಮಾತು ಹೇಳಿದವರು ಯಾರು? ಮುಂದೆ ಸೋದರಮಾವನನ್ನು ಕೇಳಿದಾಗಲೆಲ್ಲ ಬೀಗರೇ ಹೇಳಿದ್ದು ಎಂದು ಆಣೆ ಮಾಡುತ್ತಿದ್ದರು. ಇಬ್ಬರಲ್ಲಿ ಯಾರನ್ನು ನಂಬಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸುತ್ತಿದ ಸೆರಗನ್ನೂ ಬಿಚ್ಚಲಿಲ್ಲ. ದಾವಣಗೆರೆಯಲ್ಲಿ ಟೀ ಬೇಡ ಎಂದಳು, ಹೊನ್ನಾಳಿಯಲ್ಲಿ ಮಂಡಕ್ಕಿಯೂ ಬೇಡ ಎಂದಳು. ಸಮಾಧಾನ ಹೇಳಲೋ, ಗದರಿಸಲೋ, ಸುಮ್ಮನಿರಲೋ ತಿಳಿಯದೆ ನಾನೇ ಎರಡು ಪೊಟ್ಟಣ ಮಂಡಕ್ಕಿ ತಿಂದೆ.

ನ್ಯಾಮತಿಯಲ್ಲಿ ಬಸ್ಸು ನಿಂತಾಗ ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

“ಯಾವ ಊರೋರಿಗೆ ಮಾರಿದ್ರಿ?”

“ಇದೇ ಊರು. ಅಗೋ, ಆ ಗಿರಣಿಯೋರಿಗೆ.”

ಅವಳು ಎದ್ದು, ಮೇಲಿಂದ ತನ್ನ ಟ್ರಂಕು ಇಳಿಸಿ ನನ್ನ ಮಡಿಲಿಗಿಟ್ಟಳು.

“ಇಳೀರಿ,” ಎಂದಳು.