ಸ್ವರ ಅಡಗುವ ಮುನ್ನ

1984ರ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ, ಅಮೆರಿಕದ ಪಾಲೋ ಆಲ್ಟೋದ ಚರ್ಚೊಂದರಲ್ಲಿ ಪಿಯಾನೋ ಕಛೇರಿ ರೆಕಾರ್ಡ್ ಆಗುತ್ತಿದ್ದಾಗ, ಧಾರವಾಡದಿಂದ ಬಂದಿದ್ದ ನನ್ನ ಮಾವ ಗಟ್ಟಿಯಾಗಿ ‘ವಾಹ್’ ಅಂದರು.

ನುಡಿಸುತ್ತಿದ್ದವರು ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಅಮೆರಿಕನ್ ಮಹಿಳೆ. ಯುರೋಪಿನ ಹಳಬರ ಸಂಗೀತ ನುಡಿಸಿದ್ದರೆ ಅವರಿಗೆ ದೊಡ್ಡ ಸಭಾಂಗಣಗಳು ಸಿಗುತ್ತಿದ್ದವು. ಆಕೆ ತಮ್ಮ ಕಾಲದ ಅಮೆರಿಕನ್ನರು ಬರೆದದ್ದನ್ನೇ ನುಡಿಸುತ್ತಿದ್ದರು. ಸಿಗುತ್ತಿದ್ದುದು ಕಾಲೇಜು, ಚರ್ಚು. ಅವತ್ತಿನ ಕೊನೆಯ ಕೃತಿಯನ್ನು ಬರೆದ ವೃದ್ಧರು ಮುಂದಿನ ಸಾಲಿನಲ್ಲೇ ಇದ್ದರು. ಆ ಕೃತಿ ಅದುವರೆಗೆ ರೆಕಾರ್ಡ್ ಆಗಿರಲಿಲ್ಲ. ಸಣ್ಣ ರೆಕಾರ್ಡ್ ಕಂಪನಿಯೊಂದು ಒಪ್ಪಿತ್ತು. ಚರ್ಚು ಆ ಒಂದು ಮಧ್ಯಾಹ್ನಕ್ಕೆ ಮಾತ್ರ ಸಿಕ್ಕಿತ್ತು.

ಕೃತಿಯ ನಡುವೆ ಒಂದೇ ಒಂದು ಸ್ವರ ನುಡಿಸಿ, ಅದು ತಾನಾಗಿ ಅಡಗುವವರೆಗೆ ಕಾಯಬೇಕಿತ್ತು. ಆ ‘ವಾಹ್’ ಬಿದ್ದದ್ದು ಅಲ್ಲೇ. ಮಾವನವರದು ಧಾರವಾಡದ ಹಿಂದೂಸ್ತಾನಿ ಗಾಯನದ ಬೈಠಕ್‌ಗಳಲ್ಲಿ ಪಳಗಿದ ಕಿವಿ. ಅಂಥ ಜಾಗದಲ್ಲಿ ಕೇಳುವವರು ಸುಮ್ಮನಿದ್ದರೆ ಧಾರವಾಡದಲ್ಲಿ ಕಲಾವಿದರಿಗೆ ಅವಮಾನ.

ಕಾರಿನಲ್ಲಿ ನನ್ನ ಹೆಂಡತಿ, “ಅಪ್ಪಾ, ಟೇಪು ಹಾಳಾತು. ಅಲ್ಲಿ ಯಾರೂ ಕೆಮ್ಮಂಗೂ ಇಲ್ಲ,” ಅಂದಳು.

“ನಂಗೇನು ಗೊತ್ತವಾ. ಸ್ವರ ಹಂಗ ಹಚ್ಚಿದ್ರ ಸುಮ್ನ ಹೆಂಗ ಕೂಡೂದು? ಎಲ್ಲಾರೂ ಹೆಣಾ ಕಾದಂಗ ಕೂತಿದ್ರು.” ಫ್ರೀವೇ ಸೇರಿದ ಮೇಲೆ ನನ್ನನ್ನು ಕೇಳಿದರು: “ಆ ಅಜ್ಜಾರಿಗೆ ಎಷ್ಟು ವಯಸ್ಸಿರಬೇಕ್ರಿ?”

“ಎಂಬತ್ತು ದಾಟಿರ್ಬೇಕು, ಮಾವ.”

ಅವತ್ತು ಅವರು ಊಟ ಮಾಡಲಿಲ್ಲ.

ಮರುದಿನ ಹಟಮಾಡಿ ನನ್ನನ್ನು ಕೆಳಮನೆಗೆ ಕರೆದೊಯ್ದರು. “ತಪ್ಪಾತು ಅಂತ ಹೇಳ್ರಿ. ಬರೇ ಸಾರಿ ಅನಬ್ಯಾಡ್ರಿ.”

ಆಕೆ ಟೇಪನ್ನು ಕೇಳಿಯಾಗಿತ್ತು. ಮಾವನವರು ಸರಿಯಾದ ಜಾಗದಲ್ಲೇ ಮೆಚ್ಚಿದ್ದಾರೆ ಅಂದರು. ಆದರೆ ಆ ದನಿಯನ್ನು ಕತ್ತರಿಸಿದರೆ ಸ್ವರವೂ ಹೋಗುತ್ತದೆ, ಹಾಗೇ ಹಾಕಲೂ ಮತ್ತೊಮ್ಮೆ ರೆಕಾರ್ಡ್ ಮಾಡಲೂ ಕಂಪನಿಯವರು ಆಗುವುದಿಲ್ಲ ಅನ್ನುತ್ತಿದ್ದಾರೆ ಅಂದರು. ನಾನು ಎರಡನ್ನೂ ಕನ್ನಡದಲ್ಲಿ ಹೇಳಿದೆ.

ಮೆಟ್ಟಿಲು ಹತ್ತುವಾಗ ಮಾವ, “ಮೊದಲನೇ ಮಾತು ನೀವ ಸೇರಿಸಿದ್ರಿ, ಹೌದಲ್ರಿ?” ಅಂದರು.

“ಇಲ್ಲ ಮಾವ, ಅವರೇ ಅಂದಿದ್ದು.”

ಅವರು ನಂಬಲಿಲ್ಲ.

ಊರಿಗೆ ಹೊರಡುವ ಮೊದಲು ಹತ್ತಿರದ ಕ್ಯುಪರ್ಟಿನೋದ ಪರಿಚಿತರೊಬ್ಬರ ಮನೆಯಲ್ಲಿ ಹಿಂದೂಸ್ತಾನಿ ಗಾಯನವಿತ್ತು. ಮಾವ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ತುಟಿ ಬಿಗಿದು ಕುಳಿತಿದ್ದರು. ಹಾಡು ಮುಗಿದ ಮೇಲೆ ಗಾಯಕರು ಹತ್ತಿರ ಬಂದು, “ಯಾಕ್ರಿ ರಾಯರ, ಹಿಡಿಸಲಿಲ್ಲೇನು?” ಅಂತ ಕೇಳಿದರು.

ಧಾರವಾಡದಿಂದ ಬರೆದ ಪ್ರತಿ ಕಾಗದದಲ್ಲೂ ರೆಕಾರ್ಡು ಬಂತೇ ಎಂದು ಕೇಳುತ್ತಿದ್ದರು.

ರೆಕಾರ್ಡು 1986ರಲ್ಲಿ ಬಂತು. ಅದರಲ್ಲಿ ಆ ಕೃತಿ ಇಲ್ಲ. ಅದನ್ನು ಬರೆದ ವೃದ್ಧರು ಅದೇ ವರ್ಷದ ಚಳಿಗಾಲದಲ್ಲಿ ತೀರಿಕೊಂಡರು.